ಮೋಟಾರು ಪಂದ್ಯದ ಸಂಘಗಳ ಚಳಿಗಾಲ

ಮೋಟಾರು ಪಂದ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವೇಗ. ಗುಡುಗುವ ಎಂಜಿನ್ನು, ಸುಟ್ಟ ಎಣ್ಣೆಯ ವಾಸನೆ, ತಿರುವಿನಲ್ಲಿ ಓರೆಯಾಗಿ ಜಾರುವ ಗಾಡಿ, ಕೊನೆಯಲ್ಲಿ ಬೀಸುವ ಕಪ್ಪುಬಿಳುಪು ಚೌಕಳಿಯ ಬಾವುಟ—ಇವೇ ಪಂದ್ಯವೆಂದು ನಾವು ತಿಳಿದಿರುವೆವು. ಆದರೆ ಈ ನೋಟವು ವರ್ಷದಲ್ಲಿ ಎಷ್ಟು ದಿನದ್ದು? ಹವ್ಯಾಸಿಯಾದ ಪಂದ್ಯಗಾರನು ವರ್ಷಕ್ಕೆ ಕೆಲವೇ ವಾರಾಂತ್ಯಗಳಲ್ಲಿ ಗಾಡಿಯನ್ನು ಪಥಕ್ಕೆ ಇಳಿಸುವನು. ಒಂದೊಂದು ಪಂದ್ಯವೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿದುಹೋಗುವುದು. ನಮ್ಮ ಊರುಗಳಲ್ಲಿ ಬ್ರಹ್ಮರಥವು ಬೀದಿಗೆ ಬರುವುದು ವರ್ಷಕ್ಕೊಂದು ದಿನ. ಆದರೆ ಗಾಲಿಯನ್ನೂ ಅಚ್ಚನ್ನೂ ನೋಡಿಕೊಳ್ಳುವ ಬಡಗಿ, ಮಿಣಿಯನ್ನು ಪರೀಕ್ಷಿಸುವವನು, ಖರ್ಚುವೆಚ್ಚ ಬರೆಯುವ ಶಾನುಭೋಗ, ಇವರ ಕೆಲಸವು ಆ ಒಂದು ದಿನದ್ದಲ್ಲ. ಹಾಗೆಯೇ ಮೋಟಾರು ಪಂದ್ಯದ ಸಂಘವೊಂದರ ನಿಜವಾದ ಬಾಳು ಪಂದ್ಯವಿಲ್ಲದ ತಿಂಗಳುಗಳಲ್ಲಿ ನಡೆಯುವುದು. ಆ ಬಾಳಿನ ಪರಿಚಯವನ್ನು ಮಾಡಿಕೊಡುವುದೇ ಈ ಭಾಷಣದ ಉದ್ದೇಶ.

ಹವ್ಯಾಸಿ ಸಂಘಗಳು ಹಲವು ದೇಶಗಳಲ್ಲಿ ಇವೆ. ಆದರೆ ಅವು ಬಹಳ ಕಾಲದಿಂದ ಬೇರೂರಿ, ರೀತಿನೀತಿಗಳನ್ನು ಬೆಳೆಸಿಕೊಂಡು ಬಂದಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಮಿಡ್‌ಲ್ಯಾಂಡ್ ಆಟೊಮೊಬೈಲ್ ಕ್ಲಬ್ ೧೯೦೧ರಲ್ಲಿ ಹುಟ್ಟಿತು. ಅದು ೧೯೦೫ರಲ್ಲಿ ಶೆಲ್ಸ್‌ಲಿ ವಾಲ್ಷ್ ಎಂಬಲ್ಲಿ ಆರಂಭಿಸಿದ ಸಾವಿರ ಗಜದ ಗುಡ್ಡ ಹತ್ತುವ ಪಂದ್ಯವು ಅದೇ ದಾರಿಯಲ್ಲಿ ಇಂದಿಗೂ ನಡೆಯುತ್ತಿದೆ. ಹಳೆಯ ಗಾಡಿಗಳ ಅಭಿಮಾನಿಗಳದಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು ೧೯೩೪ರದು. ನಾವು ಇಲ್ಲಿ ಮುಖ್ಯವಾಗಿ ಉದಾಹರಣೆಗೆ ತೆಗೆದುಕೊಳ್ಳುವುದು ೧೯೩೯ರಲ್ಲಿ ಏರ್ಪಟ್ಟ ‘೭೫೦ ಮೋಟಾರ್ ಕ್ಲಬ್’ ಎಂಬ ಸಂಘವನ್ನು. ಏಕೆಂದರೆ ಅದು ಹಣವಂತರ ಕೂಟವಾಗಿ ಹುಟ್ಟಲಿಲ್ಲ. ಅಗ್ಗದ ಒಂದು ಗಾಡಿಯ ಮೇಲಿನ ಪ್ರೀತಿಯಿಂದ ಹುಟ್ಟಿತು.

ಆ ಗಾಡಿಯೇ ಆಸ್ಟಿನ್ ಸೆವೆನ್. ಸರ್ ಹರ್ಬರ್ಟ್ ಆಸ್ಟಿನ್ನನು ತನ್ನ ಮನೆಯ ಬಿಲಿಯರ್ಡ್ಸ್ ಆಟದ ಕೋಣೆಯಲ್ಲಿ, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ಕೂಡಿಸಿಕೊಂಡು ಇದರ ರೂಪವನ್ನು ಬರೆಸಿದನು. ೧೯೨೨ರಿಂದ ೧೯೩೯ರವರೆಗೆ ಇಂಥ ಸುಮಾರು ೨,೯೦,೦೦೦ ಗಾಡಿಗಳು ತಯಾರಾದುವು. ನಾಲ್ಕು ಸಿಲಿಂಡರುಗಳ, ೭೪೭ ಘನ ಸೆಂಟಿಮೀಟರಿನ ಪುಟ್ಟ ಎಂಜಿನ್ನು ಇದರದು; ಸಂಘದ ಹೆಸರಿನಲ್ಲಿರುವ ‘೭೫೦’ ಎಂಬ ಅಂಕೆಯು ಬಂದುದು ಇದರಿಂದಲೇ. ಗುಮಾಸ್ತನೂ ಉಪಾಧ್ಯಾಯನೂ ಕೊಳ್ಳಬಹುದಾದ ಗಾಡಿ ಇದು. ಹಳೆಯದಾದ ಮೇಲಂತೂ ಇನ್ನೂ ಅಗ್ಗವಾಗಿ ದೊರೆಯುತ್ತಿತ್ತು. ‘ಮೋಟಾರ್ ಸ್ಪೋರ್ಟ್’ ಪತ್ರಿಕೆಯ ಸಂಪಾದಕರಾಗಿದ್ದ ಬಿಲ್ ಬಾಡಿಯವರ ಪ್ರೇರಣೆಯಿಂದ ಈ ಗಾಡಿಯ ಅಭಿಮಾನಿಗಳು ಒಂದುಗೂಡಿದರು.

ಸಂಘವು ಹುಟ್ಟಿದ ವರ್ಷವನ್ನು ಗಮನಿಸಬೇಕು. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧವು ಬಂದಿತು, ಪಂದ್ಯಗಳು ನಿಂತುವು, ಬ್ರೂಕ್‌ಲ್ಯಾಂಡ್ಸ್ ಎಂಬ ಹೆಸರಾಂತ ಪಂದ್ಯದ ಪಥವು ಶಾಶ್ವತವಾಗಿ ಮುಚ್ಚಿತು. ಪೆಟ್ರೋಲಿಗೆ ಪಡಿತರ ಬಂದಿತು. ೧೯೪೨ರಲ್ಲಿ ಖಾಸಗಿ ಸಂಚಾರಕ್ಕೆಂದು ಕೊಡುತ್ತಿದ್ದ ಪಡಿಯೂ ನಿಂತುಹೋಯಿತು. ಯುದ್ಧವು ಮುಗಿದ ಮೇಲೂ ಪಡಿತರವು ೧೯೫೦ರ ಮೇ ತಿಂಗಳವರೆಗೆ ಒಂದಲ್ಲ ಒಂದು ರೀತಿಯಲ್ಲಿ ಉಳಿಯಿತು. ಎಂದರೆ, ಈ ಸಂಘವು ಹುಟ್ಟಿದೊಡನೆಯೇ ವರ್ಷಗಟ್ಟಳೆಯ ಒಂದು ಚಳಿಗಾಲವನ್ನು ಎದುರಿಸಬೇಕಾಯಿತು. ಓಡಿಸಲು ಎಣ್ಣೆಯಿಲ್ಲದಾಗ ಓಟದ ಸಂಘವು ಉಳಿಯುವುದು ಹೇಗೆ? ಮಾತಿನಿಂದ, ಬರಹದಿಂದ, ಕೈಗೆಲಸದಿಂದ. ಯುದ್ಧದ ವರ್ಷಗಳಲ್ಲಿಯೂ ‘ಮೋಟಾರ್ ಸ್ಪೋರ್ಟ್’ ಪತ್ರಿಕೆಯು ನಿಲ್ಲದೆ ಹೊರಬಂದಿತು. ಗಾಡಿಯನ್ನು ಓಡಿಸಲಾಗದವರು ಗಾಡಿಯ ವಿಷಯವನ್ನು ಓದಿದರು, ಬರೆದರು, ಒಬ್ಬರಿಗೊಬ್ಬರು ತಿಳಿಸಿದರು. ಬಿಡುವಿನ ಕಾಲವೆಂದರೆ ಶೂನ್ಯವಲ್ಲವೆಂಬುದನ್ನು ಈ ಸಂಘವು ತೊಟ್ಟಿಲಿನಲ್ಲಿಯೇ ಕಲಿತಿತೆನ್ನಬಹುದು.

ಈಗ ವರ್ಷದ ಕ್ರಮವನ್ನು ನೋಡೋಣ. ಇಂಗ್ಲೆಂಡಿನಲ್ಲಿ ಪಂದ್ಯಗಳ ಕಾಲವು ಮಾರ್ಚ್ ಅಥವಾ ಏಪ್ರಿಲಿನಲ್ಲಿ ಮೊದಲಾಗಿ ಅಕ್ಟೋಬರಿನ ಸುಮಾರಿಗೆ ಮುಗಿಯುವುದು. ಈ ಸಂಘದಲ್ಲಿ ಋತುವಿನ ಕೊನೆಯನ್ನು ಸಾರುವುದು ಸಿಲ್ವರ್‌ಸ್ಟನ್ ಪಥದಲ್ಲಿ ನಡೆಯುವ ಆರು ಗಂಟೆಗಳ ಸರದಿ ಓಟ. ೧೯೫೧ರಲ್ಲಿ ಮೊದಲಾದ ಈ ಪಂದ್ಯಕ್ಕೆ, ಪಶುವೈದ್ಯರಾಗಿದ್ದು ಸಂಘವನ್ನು ಬೆಳೆಸಿ ೧೯೬೩ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಹಾಲೆಂಡ್ ಬರ್ಕೆಟ್ಟರ ಹೆಸರನ್ನು ಇಟ್ಟಿರುವರು. ಒಂದೊಂದು ತಂಡದಲ್ಲಿಯೂ ಹಲವು ಗಾಡಿಗಳು. ಒಂದು ಬಂದು ನಿಂತ ಮೇಲೆ ಇನ್ನೊಂದು ಹೊರಡಬೇಕು. ನಿಧಾನವಾದ ಗಾಡಿಗಳ ತಂಡಕ್ಕೆ ಮುಂಚಿತವಾಗಿಯೇ ಕೆಲವು ಸುತ್ತುಗಳ ರಿಯಾಯಿತಿ ದೊರೆಯುವ ಲೆಕ್ಕವೂ ಉಂಟು. ಆದುದರಿಂದ ಇಲ್ಲಿ ಬರಿಯ ವೇಗಕ್ಕಿಂತ ಒಗ್ಗಟ್ಟಿಗೆ ಬೆಲೆ ಹೆಚ್ಚು. ವರ್ಷವೆಲ್ಲಾ ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೆಣಗಿದವರು ಕೊನೆಯ ದಿನ ಒಂದೇ ತಂಡದವರಾಗುವರು. ಸಂಜೆಗೆ ಗಾಡಿಗಳನ್ನು ಕಟ್ಟಿಕೊಂಡು ಮನೆಗೆ ಹೋದಲ್ಲಿಗೆ ಚಳಿಗಾಲವು ಹತ್ತಿರವಾಯಿತು.

ಮೊದಲನೆಯ ಕೆಲಸ ಗಾಡಿಯನ್ನು ಚಳಿಯಿಂದ ಕಾಪಾಡುವುದು. ಮೈಸೂರಿನ ಹವೆಯಲ್ಲಿರುವ ನಮಗೆ ಈ ಭಯವು ತಿಳಿಯದು. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವಾಗ ಅದರ ಗಾತ್ರವು ನೂರಕ್ಕೆ ಸುಮಾರು ಒಂಬತ್ತು ಪಾಲು ಹೆಚ್ಚುವುದು. ಎಂಜಿನ್ನನ್ನು ತಂಪಾಗಿಡಲು ಅದರ ಸುತ್ತ ನೀರು ಹರಿಯುವ ಪೊಳ್ಳುಗಳುಂಟಷ್ಟೆ. ಆ ನೀರು ಅಲ್ಲಿಯೇ ಹೆಪ್ಪುಗಟ್ಟಿದರೆ ಎರಕದ ಕಬ್ಬಿಣವೂ ಸೀಳಿಹೋಗುವುದು. ಒಂದು ರಾತ್ರಿಯ ಅಲಕ್ಷ್ಯದಿಂದ ಒಂದು ವರ್ಷದ ಉಳಿತಾಯ ಹಾಳಾಗಬಹುದು. ಆದುದರಿಂದ ನೀರನ್ನು ಪೂರ್ತಿಯಾಗಿ ಇಳಿಸಿಬಿಡಬೇಕು, ಇಲ್ಲವೆ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಬೆರೆಸಬೇಕು. ಬ್ಯಾಟರಿಯನ್ನು ತೆಗೆದು ಆಗಾಗ್ಗೆ ವಿದ್ಯುತ್ತನ್ನು ತುಂಬುತ್ತಿರಬೇಕು. ಬ್ರೇಕಿನ ದ್ರವವು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಸೇರಿದ ದ್ರವವು ಬಿಸಿಯಾದಾಗ ಬೇಗನೆ ಕುದಿಯುವುದು, ಕುದಿದರೆ ಕಾಲಡಿಯ ಬ್ರೇಕು ಮೆತ್ತಗಾಗುವುದು. ಅದನ್ನೂ ಬದಲಾಯಿಸಬೇಕು.

ಎರಡನೆಯ ಕೆಲಸ ಬಿಚ್ಚಿ ನೋಡುವುದು. ಎಂಜಿನ್ನಿನ ಒಳಗೆ ಕೊಂತಗಳ ಮೇಲೆಕೆಳಗಿನ ಓಟವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ಉಕ್ಕಿನ ದಂಡವೊಂದಿರುವುದು. ಅದಕ್ಕೆ ಕ್ರ್ಯಾಂಕು ಎಂದು ಹೆಸರು. ಹಳೆಯ ಆಸ್ಟಿನ್ ಸೆವೆನ್ನಿನಲ್ಲಿ ಈ ದಂಡಕ್ಕೆ ಎರಡು ತುದಿಗಳಲ್ಲಿ ಮಾತ್ರ ಆಸರೆಯಿತ್ತು. ೧೯೩೬ರಲ್ಲಿ ನಡುವೆಯೂ ಒಂದು ಆಸರೆಯನ್ನು ಕೊಟ್ಟರು. ಎರಡೇ ಆಸರೆಗಳ ದಂಡವು ಬಹಳ ವೇಗವಾಗಿ ತಿರುಗುವಾಗ ನಡುವೆ ಬಾಗಿ ಬಾಗಿ ಏಳುವುದು. ಹಾಗೆ ಲಕ್ಷಾಂತರ ಸಲ ಬಾಗಿದ ಉಕ್ಕಿನಲ್ಲಿ ಎಲ್ಲಿಯೋ ಕೂದಲೆಳೆಗಿಂತ ಸಣ್ಣ ಬಿರುಕು ಹುಟ್ಟುವುದುಂಟು. ಅದು ಬರಿಯ ಕಣ್ಣಿಗೆ ಕಾಣದು. ಕಂಡುಹಿಡಿಯುವ ಉಪಾಯ ಹೀಗೆ: ದಂಡವನ್ನು ಅಯಸ್ಕಾಂತವನ್ನಾಗಿ ಮಾಡಿ, ಕಬ್ಬಿಣದ ನುಣ್ಣನೆಯ ಪುಡಿ ಬೆರೆತ ದ್ರವವನ್ನು ಅದರ ಮೇಲೆ ಹರಿಸುವರು. ಬಿರುಕಿದ್ದಲ್ಲಿ ಅಯಸ್ಕಾಂತದ ಶಕ್ತಿರೇಖೆಗಳು ಹೊರಕ್ಕೆ ಚಿಮ್ಮಿ ಪುಡಿಯನ್ನು ಹಿಡಿದುಕೊಳ್ಳುವುವು. ಬಿರುಕು ಒಂದು ಗೆರೆಯಾಗಿ ಎದ್ದು ತೋರುವುದು. ಚಕ್ರದ ಅಚ್ಚು, ಗಾಡಿಯನ್ನು ತಿರುಗಿಸುವ ತೋಳು, ಇವುಗಳನ್ನೂ ಹೀಗೆಯೇ ಪರೀಕ್ಷಿಸಬೇಕು. ಕ್ರ್ಯಾಂಕು ಮುರಿದರೆ ಹೋಗುವುದು ಹಣ. ತಿರುಗಿಸುವ ತೋಳು ಮುರಿದರೆ ಹೋಗುವುದು ಪ್ರಾಣ. ಚಳಿಗಾಲದ ಈ ಕೆಲಸವನ್ನು ಯಾರೂ ನಿಂತು ನೋಡುವುದಿಲ್ಲ, ಇದಕ್ಕೆ ಬಹುಮಾನವೂ ಇಲ್ಲ. ಆದರೆ ಬೇಸಗೆಯ ಎಷ್ಟೋ ಅಪಘಾತಗಳು ಆಗದೆ ಉಳಿಯುವುದು ಇದರಿಂದಲೇ.

ಮೂರನೆಯದು ಕೂಟಗಳು. ತಿಂಗಳಿಗೊಮ್ಮೆ ಆಯಾ ಪ್ರಾಂತದ ಸದಸ್ಯರು ಯಾವುದಾದರೊಂದು ಪಾನಗೃಹದ ಕೋಣೆಯಲ್ಲಿ ಸೇರುವುದು ಇಂಥ ಸಂಘಗಳಲ್ಲಿ ಹಳೆಯ ವಾಡಿಕೆ. ಹಿಂದಿನ ಪಂದ್ಯಗಳ ಚಲನಚಿತ್ರವನ್ನು ನೋಡುವರು. ಅನುಭವಿಯೊಬ್ಬನು ಉಪನ್ಯಾಸ ಮಾಡುವನು. ಬಹುಮಾನ ಹಂಚುವ ಭೋಜನಕೂಟ ನಡೆಯುವುದು. ಹಳೆಯ ಬಿಡಿಭಾಗಗಳು ಕೈಯಿಂದ ಕೈಗೆ ಸಾಗುವುವು. ಸಂಘದ ‘ಬುಲೆಟಿನ್’ ಎಂಬ ಪತ್ರಿಕೆಯಲ್ಲಿ ಸದಸ್ಯರು ತಮ್ಮ ತಮ್ಮ ಪ್ರಯೋಗಗಳನ್ನು ಬರೆದು ಪ್ರಕಟಿಸುವರು. ಇಲ್ಲಿ ಒಂದು ವಿಚಿತ್ರವುಂಟು. ವ್ಯಾಪಾರದಲ್ಲಿ ಎದುರಾಳಿಗೆ ಗುಟ್ಟನ್ನು ಹೇಳುವವನು ಯಾರು? ಆದರೆ ಹವ್ಯಾಸಿಯು ಹೇಳುವನು. ತಾನು ಕಂಡುಕೊಂಡ ಉಪಾಯವನ್ನು ನಾಲ್ಕು ಜನರು ಮೆಚ್ಚಬೇಕೆಂಬ ಆಸೆ ಒಂದು ಕಡೆ. ಎದುರಾಳಿಯ ಗಾಡಿಯು ಕೆಟ್ಟು ನಿಂತರೆ ಪಂದ್ಯವೇ ನೀರಸವಾಗುವುದೆಂಬ ತಿಳಿವಳಿಕೆ ಇನ್ನೊಂದು ಕಡೆ.

ಆದರೂ ಎಲ್ಲವೂ ಸೌಹಾರ್ದದಿಂದಲೇ ತೀರುವುದೆಂದು ಭಾವಿಸಬಾರದು. ಚಳಿಗಾಲವು ನಿಯಮಗಳನ್ನು ತಿದ್ದುವ ಕಾಲವೂ ಆಗಿದೆ. ಸಂಘದ ಅತ್ಯಂತ ಕಠಿಣವಾದ ಪ್ರಶ್ನೆಯು ಆಗಲೇ ಎದುರಾಗುವುದು. ಅದನ್ನು ಒಂದು ಪ್ರಸಂಗದಿಂದ ವಿವರಿಸುವೆವು. ಕಡಮೆ ಹಣದಲ್ಲಿ ಪಂದ್ಯಕ್ಕೆ ಇಳಿಯುವಂತಾಗಬೇಕೆಂದು ಈ ಸಂಘದವರು ೧೯೪೯ರ ಸುಮಾರಿನಲ್ಲಿ ‘೭೫೦ ಫಾರ್ಮುಲಾ’ ಎಂಬ ನಿಯಮಾವಳಿಯನ್ನು ರಚಿಸಿದರು. ಆಸ್ಟಿನ್ ಸೆವೆನ್ನಿನ ಚೌಕಟ್ಟನ್ನೂ ಎಂಜಿನ್ನಿನ ಮುಖ್ಯ ಭಾಗಗಳನ್ನೂ ಉಳಿಸಿಕೊಂಡು, ಉಳಿದುದನ್ನು ಸ್ವಂತ ಕೈಯಿಂದ ಕಟ್ಟಬಹುದು ಎಂಬುದು ಅದರ ಸಾರ. ೧೯೫೦–೫೧ರ ಚಳಿಗಾಲದಲ್ಲಿ ಕಾಲಿನ್ ಚಾಪ್ಮನ್ ಎಂಬ ತರುಣ ಎಂಜಿನಿಯರನು ಅಲೆನ್ ಎಂಬ ಸಹೋದರರಿಬ್ಬರ ಮನೆಯ ಕಾರ್ಖಾನೆಯಲ್ಲಿ ಅವರೊಡನೆ ಸೇರಿ ಈ ನಿಯಮಕ್ಕೆ ತಕ್ಕ ಗಾಡಿಯೊಂದನ್ನು ಕಟ್ಟಲಾರಂಭಿಸಿದನು. ಅದೇ ಲೋಟಸ್ ಮೂರನೆಯ ಮಾದರಿ.

ಆಸ್ಟಿನ್ ಎಂಜಿನ್ನಿನಲ್ಲಿ ಸಿಲಿಂಡರು ನಾಲ್ಕಿದ್ದರೂ ಪೆಟ್ರೋಲು ಬೆರೆತ ಗಾಳಿಯು ಒಳಹೋಗುವ ಬಾಗಿಲುಗಳು ಎರಡೇ. ಪಕ್ಕಪಕ್ಕದ ಸಿಲಿಂಡರುಗಳೆರಡಕ್ಕೆ ಒಂದೊಂದು ಬಾಗಿಲು. ನೆರೆಹೊರೆಯ ಆ ಎರಡೂ ಒಂದರ ಹಿಂದೊಂದು ಉಸಿರೆಳೆಯುವುದರಿಂದ ಒಂದು ಇನ್ನೊಂದರ ಪಾಲನ್ನು ಕಸಿಯುತ್ತಿತ್ತು. ಚಾಪ್ಮನ್ನನು ಒಳದಾರಿಯಲ್ಲಿ ಒಂದು ನಡುಗೋಡೆಯು ಬರುವಂತೆ ಮಾಡಿ, ನಾಲ್ಕಕ್ಕೂ ಬೇರೆ ಬೇರೆ ದಾರಿಗಳನ್ನು ಏರ್ಪಡಿಸಿದನು. ನಿಯಮದ ಯಾವ ಅಕ್ಷರವನ್ನೂ ಮೀರಿದಂತಾಗಲಿಲ್ಲ. ೧೯೫೧ರ ಬೇಸಗೆಯಲ್ಲಿ ಆ ಗಾಡಿಯ ಮುಂದೆ ಉಳಿದವರ ಆಟ ನಡೆಯದಾಯಿತು. ತರುವಾಯ ಸಂಘವು ನಿಯಮವನ್ನು ತಿದ್ದಿ ಆ ಉಪಾಯವನ್ನು ನಿಷೇಧಿಸಿತು.

ಇದು ನ್ಯಾಯವೇ? ಬುದ್ಧಿವಂತನನ್ನು ದಂಡಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಇನ್ನೊಂದು ಪಕ್ಷವನ್ನೂ ನೋಡಬೇಕು. ಒಬ್ಬನು ಕಂಡುಹಿಡಿದುದನ್ನು ಮುಂದಿನ ವರ್ಷ ಎಲ್ಲರೂ ಮಾಡಲೇಬೇಕಾಗುವುದು. ಮಾಡುವ ಕೈಚಳಕವಿಲ್ಲದವನು ಹಣ ಕೊಟ್ಟು ಮಾಡಿಸುವನು. ಹಣವಿಲ್ಲದವನು ಹಿಂದೆ ಬೀಳುವನು, ಎರಡು ವರ್ಷ ಸಹಿಸಿ ಮೂರನೆಯ ವರ್ಷ ಬಿಟ್ಟುಹೋಗುವನು. ಅಗ್ಗವಾಗಿರಲೆಂದು ಹುಟ್ಟಿದ ಪಂದ್ಯವು ಹೀಗೆ ಹಂತಹಂತವಾಗಿ ಹಣವಂತರದಾಗುವುದು. ಹೊಸದನ್ನೆಲ್ಲ ನಿಷೇಧಿಸಿದರೆ ಬುದ್ಧಿಗೆ ಕೆಲಸವಿಲ್ಲದೆ ಸಂಘವು ಬತ್ತುವುದು. ಏನನ್ನೂ ನಿಷೇಧಿಸದಿದ್ದರೆ ಸಾಮಾನ್ಯನು ಇರಲಾರದೆ ಸಂಘವು ಬರಿದಾಗುವುದು. ಈ ಎರಡರ ನಡುವಣ ದಾರಿಯನ್ನು ವರ್ಷ ವರ್ಷವೂ ಹುಡುಕುವುದೇ ನಿಯಮ ಸಮಿತಿಯ ಕಷ್ಟ. ಚಾಪ್ಮನ್ನನೇನೋ ನಷ್ಟಪಡಲಿಲ್ಲ. ೧೯೫೨ರಲ್ಲಿ ಆತನು ತನ್ನ ತಂದೆಯ ಹೋಟೆಲಿನ ಹಿಂದಿದ್ದ ಕುದುರೆಲಾಯದಲ್ಲಿ ಲೋಟಸ್ ಕಾರ್ಖಾನೆಯನ್ನು ಆರಂಭಿಸಿದನು. ಆತನ ಗಾಡಿಗಳನ್ನು ಓಡಿಸಿದ ಜಿಮ್ ಕ್ಲಾರ್ಕನು ೧೯೬೩ರಲ್ಲಿಯೂ ೧೯೬೫ರಲ್ಲಿಯೂ ವಿಶ್ವವಿಜೇತನಾದನು. ಸಂಘವೂ ನಷ್ಟಪಡಲಿಲ್ಲ. ಆಸ್ಟಿನ್ ಭಾಗಗಳು ದುರ್ಲಭವಾದ ಮೇಲೆ ರಿಲಯಂಟ್ ಎಂಜಿನ್ನಿಗೂ, ಆಮೇಲೆ ಫಿಯಟ್ ಎಂಜಿನ್ನಿಗೂ ಎಡೆಮಾಡಿಕೊಟ್ಟು ಆ ಪಂದ್ಯವನ್ನು ಈ ಶತಮಾನಕ್ಕೂ ನಡೆಸಿಕೊಂಡು ಬಂದಿದೆ.

ಚಳಿಗಾಲದಲ್ಲಿ ಓಡಾಟವೇ ಇಲ್ಲವೆಂದೂ ತಿಳಿಯಬಾರದು. ಪಥವು ಮುಚ್ಚಿದರೇನು, ಕೆಸರು ತೆರೆದಿರುವುದು! ‘ಟ್ರಯಲ್’ ಎಂಬ ಸ್ಪರ್ಧೆಗಳು ಈ ಕಾಲದವು. ವಿಂಟೇಜ್ ಕ್ಲಬ್ಬಿನ ಟ್ರಯಲುಗಳಲ್ಲಿ ಹಳೆಯ ಆಸ್ಟಿನ್ ಸೆವೆನ್ನುಗಳನ್ನು ಈಗಲೂ ಕಾಣಬಹುದು. ಮಳೆಯಿಂದ ನೆನೆದ ಗುಡ್ಡದಲ್ಲಿ ಗೂಟಗಳನ್ನು ನೆಟ್ಟು ಗುರುತು ಮಾಡುವರು. ಗಾಡಿಯು ನಿಲ್ಲದೆ ಎಷ್ಟು ದೂರ ಹತ್ತಿತೆಂಬುದೇ ಲೆಕ್ಕ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ಹಿಡಿತಕ್ಕೆ ಬೆಲೆ. ಚಕ್ರದ ಗಾಳಿಯನ್ನು ನಿಯಮವು ಒಪ್ಪುವಷ್ಟು ಇಳಿಸಿ ರಬ್ಬರು ನೆಲಕ್ಕೆ ಹೆಚ್ಚಾಗಿ ತಾಗುವಂತೆ ಮಾಡುವರು. ಪಕ್ಕದಲ್ಲಿ ಕುಳಿತವನು ಕುಳಿತಲ್ಲಿಯೇ ಎದ್ದು ಎದ್ದು ಕುಕ್ಕರಿಸಿ ಹಿಂದಿನ ಚಕ್ರಗಳ ಮೇಲೆ ಭಾರ ಹಾಕುವನು. ಎತ್ತಿನ ಬಂಡಿಯು ಕೆಸರಿನಲ್ಲಿ ಹೂತಾಗ ನಮ್ಮ ರೈತರು ಮಾಡುವ ಸಾಹಸವನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಮೋಟಾರ್ ಸೈಕ್ಲಿಂಗ್ ಕ್ಲಬ್ ಎಂಬ ಸಂಘದವರು ೧೯೧೦ರಲ್ಲಿ ಕ್ರಿಸ್‌ಮಸ್ಸಿನ ಮಾರನೆಯ ದಿನ ಮೊದಲುಮಾಡಿದ ಎಕ್ಸೆಟರ್ ಟ್ರಯಲು ಈಗಲೂ ಜನವರಿಯ ಚಳಿಯಲ್ಲಿ ನಡೆಯುವುದು.

ಇನ್ನು ಪಥದ ಅಂಚಿನಲ್ಲಿ ನಿಲ್ಲುವವರ ವಿಚಾರ. ಬಾವುಟ ಬೀಸುವವರು, ಬೆಂಕಿ ಆರಿಸುವವರು, ಉರುಳಿದ ಗಾಡಿಯಿಂದ ಚಾಲಕನನ್ನು ಬಿಡಿಸುವವರು—ಇವರಿಗೆ ಮಾರ್ಷಲುಗಳೆಂದು ಹೆಸರು. ಇವರು ಸಂಬಳಗಾರರಲ್ಲ, ಸ್ವಂತ ರಜೆಯನ್ನು ಕಳೆದು, ಮಳೆಯಲ್ಲಿ ನೆನೆದು, ಸೇವೆಯೆಂದು ನಿಲ್ಲುವರು. ಹಳದಿ ಬಾವುಟವೆಂದರೆ ಮುಂದೆ ಅಪಾಯ, ಯಾರನ್ನೂ ದಾಟಬೇಡ ಎಂದರ್ಥ. ಹಳದಿಯ ಮೇಲೆ ಕೆಂಪು ಪಟ್ಟೆಗಳಿದ್ದರೆ ದಾರಿ ಜಾರುತ್ತಿದೆ. ನೀಲಿಯಾದರೆ ಹಿಂದಿನಿಂದ ವೇಗದ ಗಾಡಿ ಬರುತ್ತಿದೆ. ಕೆಂಪಾದರೆ ಪಂದ್ಯ ನಿಂತಿತು. ಇದನ್ನು ಬಾಯಿಪಾಠ ಮಾಡುವುದು ಸುಲಭ. ಕಣ್ಣೆದುರಿಗೆ ಗಾಡಿಯು ಉರುಳಿದ ಕ್ಷಣದಲ್ಲಿ ತಪ್ಪದೆ ಮಾಡುವುದು ಅಭ್ಯಾಸದಿಂದ ಮಾತ್ರ ಸಾಧ್ಯ. ಆದುದರಿಂದ ಚಳಿಗಾಲದಲ್ಲಿ ಇವರಿಗೆ ಶಿಕ್ಷಣದ ದಿನಗಳನ್ನು ಏರ್ಪಡಿಸುವರು: ನಿಜವಾಗಿಯೂ ಬೆಂಕಿ ಹಚ್ಚಿ ಆರಿಸುವ ಅಭ್ಯಾಸ, ಗಾಯಗೊಂಡವನನ್ನು ಅಲುಗಿಸದೆ ಕಾಯುವ ಅಭ್ಯಾಸ. ಚಾಲಕನೂ ತನ್ನ ರಹದಾರಿಯನ್ನು ನವೀಕರಿಸಿಕೊಳ್ಳಬೇಕು; ಹೊಸಬನು ಬಾವುಟಗಳ ಜ್ಞಾನದಲ್ಲಿಯೂ ಚಾಲನೆಯಲ್ಲಿಯೂ ಪರೀಕ್ಷೆ ಕೊಡಬೇಕು. ಮೈಯನ್ನು ಆಸನಕ್ಕೆ ಬಿಗಿಯುವ ಪಟ್ಟಿಗಳಿಗೂ ಒಂದು ಅವಧಿಯುಂಟು. ಅದು ತೀರಿದರೆ, ನೋಟಕ್ಕೆ ಹೊಸದರಂತಿದ್ದರೂ ಅವನ್ನು ಬದಲಾಯಿಸಬೇಕು.

ಕೊನೆಯದು ಲೆಕ್ಕಪತ್ರ. ಪಂದ್ಯದ ಪಥಗಳು ಸಾಮಾನ್ಯವಾಗಿ ಸಂಘದ ಆಸ್ತಿಯಲ್ಲ. ದಿನದ ಬಾಡಿಗೆಗೆ ಹಿಡಿಯಬೇಕು, ಅದೂ ತಿಂಗಳುಗಳ ಮೊದಲೇ. ಎಷ್ಟು ಗಾಡಿಗಳು ಬರುವುವೆಂದು ಊಹಿಸಿ ಪ್ರವೇಶಧನವನ್ನು ನಿಗದಿ ಮಾಡಬೇಕು. ಹೆಚ್ಚಿಟ್ಟರೆ ಸಾಮಾನ್ಯನು ಬಾರನು. ಕಡಮೆಯಿಟ್ಟು ಗಾಡಿಗಳೂ ಕಡಮೆಯಾದರೆ ಬಾಡಿಗೆ ಹುಟ್ಟದು. ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಯೂ ಖಜಾಂಚಿಯೂ ಉತ್ತರ ಹೇಳಬೇಕಾದ ಪ್ರಶ್ನೆ ಇದು. ಹೊಸ ತಲೆಮಾರಿನವರನ್ನು ಸೆಳೆಯುವ ಯೋಚನೆಯೂ ಇದರೊಡನೆಯೇ ಸೇರಿದೆ. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬ ಉಪಾಧ್ಯಾಯರು, ಇನ್ನೂರೈವತ್ತು ಪೌಂಡಿನಷ್ಟು ಅಲ್ಪವೆಚ್ಚದಲ್ಲಿಯೂ ಮನೆಯಲ್ಲಿಯೇ ಗಾಡಿ ಕಟ್ಟಬಹುದೆಂದು ತೋರಿಸುವ ಪುಸ್ತಕವೊಂದನ್ನು ಪ್ರಕಟಿಸಿದರು. ಆ ಬಗೆಯ ಗಾಡಿಗಳಿಗೆ ‘ಲೋಕಾಸ್ಟ್’ ಎಂದು ಹೆಸರಾಯಿತು. ೭೫೦ ಸಂಘವು ಅವುಗಳಿಗೂ ಪಂದ್ಯಗಳನ್ನು ಏರ್ಪಡಿಸಿತು. ಅರ್ಧ ಶತಮಾನದ ಹಿಂದೆ ಆಸ್ಟಿನ್ ಸೆವೆನ್ ಮಾಡಿದ ಕೆಲಸವನ್ನು ಬೇರೊಂದು ಗಾಡಿಯು ಮುಂದುವರಿಸಿತು.

ನಮ್ಮ ದೇಶದಲ್ಲಿಯೂ ಇಂಥ ಸಂಘಗಳಿಲ್ಲದಿಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ೧೯೫೩ರಲ್ಲಿ ಏರ್ಪಟ್ಟಿತು. ಶೋಲಾವರದಲ್ಲಿದ್ದ ಯುದ್ಧಕಾಲದ ವಿಮಾನದ ಓಡುದಾರಿಯಲ್ಲಿ ಬಹುಕಾಲ ಪಂದ್ಯಗಳು ನಡೆದುವು. ೧೯೯೦ರಲ್ಲಿ ಇರುಂಗಾಟ್ಟುಕೋಟೆಯಲ್ಲಿ ಸಂಘದ ಸ್ವಂತ ಪಥವೇ ಆಯಿತು. ನಮ್ಮ ಚಿಕ್ಕಮಗಳೂರಿನ ಸಂಘದವರು ಕಾಫಿತೋಟಗಳ ನಡುವಣ ಮಣ್ಣುದಾರಿಗಳಲ್ಲಿ ರ್‍ಯಾಲಿಗಳನ್ನು ನಡೆಸಿರುವರು. ಇಲ್ಲಿ ಗಾಡಿಯನ್ನು ಕಾಡುವುದು ಹಿಮವಲ್ಲ. ಮಳೆ, ತುಕ್ಕು, ಧೂಳು, ಬಿಸಿಲು. ಆದರೆ ಬಿಡುವಿನ ಕಾಲದ ಧರ್ಮವು ಎಲ್ಲೆಡೆಯೂ ಒಂದೇ. ಮಳೆಗಾಲದಲ್ಲಿ ಗೆಜ್ಜೆ ಬಿಚ್ಚಿಟ್ಟ ಯಕ್ಷಗಾನದ ಮೇಳದವರು ವೇಷಭೂಷಣಗಳನ್ನು ದುರಸ್ತಿ ಮಾಡಿಕೊಂಡು, ಮುಂದಿನ ತಿರುಗಾಟಕ್ಕೆ ಅಣಿಯಾಗುವುದಿಲ್ಲವೇ? ಅದರಂತೆಯೇ ಇದೂ.

ಇದರಿಂದ ನಾವು ಗ್ರಹಿಸಬೇಕಾದುದೇನು? ಸಂಘವನ್ನು ಕಟ್ಟುವುದು ನಮ್ಮಲ್ಲಿ ಕಷ್ಟವಲ್ಲ. ನಾಟಕದ ಸಂಘವಾಗಲಿ, ಆಟಪಾಟಗಳ ಸಂಘವಾಗಲಿ, ವಾಚನಾಲಯವಾಗಲಿ, ಉತ್ಸಾಹದ ದಿನ ನೂರು ಜನ ಕೂಡುವರು. ಉತ್ಸವವು ಮುಗಿದ ಮಾರನೆಯ ದಿನ ಕುರ್ಚಿಗಳನ್ನು ಎತ್ತಿಡಲು ಇಬ್ಬರೂ ಉಳಿಯರು. ಎಷ್ಟೋ ಸಂಘಗಳು ಅಳಿದುದು ಹಣದ ಕೊರತೆಯಿಂದಲ್ಲ, ಈ ಮಾರನೆಯ ದಿನದ ಕೊರತೆಯಿಂದ. ಬಿರುಕನ್ನು ಹುಡುಕುವ ತಾಳ್ಮೆ, ಲೆಕ್ಕವನ್ನು ಒಪ್ಪಿಸುವ ಪ್ರಾಮಾಣಿಕತೆ, ಎದುರಾಳಿಗೂ ತಿಳಿಸಿಕೊಡುವ ಔದಾರ್ಯ, ಬಡವನಿಗೂ ಎಡೆಯಿರುವಂತೆ ನಿಯಮವನ್ನು ತಿದ್ದುವ ವಿವೇಕ, ಇವು ನಾಲ್ಕೂ ಪ್ರೇಕ್ಷಕರಿಲ್ಲದ ವೇಳೆಯಲ್ಲಿ ಬೆಳೆಯತಕ್ಕ ಗುಣಗಳು. ಇವು ಬೆಳೆದಿದ್ದರೆ ಮಾರ್ಚ್ ತಿಂಗಳಿನ ಒಂದು ಬೆಳಗ್ಗೆ ಗಾಡಿಯ ಎಂಜಿನ್ನು ಮೊದಲನೆಯ ಸಲಕ್ಕೇ ಹೊತ್ತಿಕೊಳ್ಳುವುದು, ಪಥದ ಅಂಚಿನಲ್ಲಿ ಬಾವುಟ ಹಿಡಿದವನೊಬ್ಬನು ಸಿದ್ಧನಾಗಿ ನಿಂತಿರುವನು.